ಚರ್ಚನ್ನು ತಬ್ಬಿದ ದಿನ

ಬಿಷಪ್ಪರ ಕಚೇರಿಯಿಂದ ಬಂದ ಪಾದ್ರಿ ಹೇಲ್ ನಮ್ಮ ಚರ್ಚಿನ ಬಾಗಿಲಲ್ಲೇ ನಿಂತು ಕೀಲಿಗಾಗಿ ಕೈ ಚಾಚಿದರು. ಅದು ನನ್ನ ಜೇಬಿನಲ್ಲಿತ್ತು, ನಾನು ಕೊಡಲಿಲ್ಲ.

"ಹೆಸ್ಟರ್ ಅವ್ರೇ, ಊರಲ್ಲಿ ಜನಾನೇ ಇಲ್ಲ. ಇನ್ಮೇಲೆ ಇದು ನೋಡೋಕೆ ಬರೋರಿಗೆ ಮಾತ್ರ. ಪ್ರಾರ್ಥನೆ ಇಲ್ಲ, ಹೂಳೋದೂ ಇಲ್ಲ."

ಹೂಳೋದೂ ಇಲ್ಲವಂತೆ! ಉತ್ತರದ ಗೋಡೆಯ ಪಕ್ಕ ನನ್ನ ಗಂಡ ಏಮೋಸ್ ಮಲಗಿದ್ದಾನೆ. ಅವನ ಮಗ್ಗುಲಲ್ಲಿ ನನ್ನ ಜಾಗ ಖಾಲಿಯಿದೆ. ಬದುಕಿಡೀ ಅವನ ಗೊರಕೆ ಸಹಿಸಿಕೊಂಡವಳನ್ನು ಪಟ್ಟಣದ ಯಾವುದೋ ಸ್ಮಶಾನದಲ್ಲಿ ಗುರುತಿಲ್ಲದವರ ನಡುವೆ ಮಲಗಿಸುತ್ತಾರಂತೆ. ಮೈಯೆಲ್ಲ ಉರಿದುಹೋಯಿತು.

"ಇವತ್ತು ಚರ್ಚ್ ತಬ್ಬೋ ದಿನ," ಎಂದೆ. "ಸುತ್ತು ಕೂಡಿದ್ರೆ ಊರು ಬದುಕಿದೆ ಅಂತ. ಕೂಡ್ಲಿಲ್ಲ ಅಂದ್ರೆ ಕೀಲಿ ನಾನೇ ಕೊಡ್ತೀನಿ. ಸರಿನಾ?"

ಪಾದ್ರಿ ನಕ್ಕರು. "ಆಗ್ಲಿ. ಆದ್ರೆ ಕೈಗೆ ಕೈ ಸೇರ್ಬೇಕು. ಹಗ್ಗ ಗಿಗ್ಗ ಹಿಡಿಯೋ ಹಾಗಿಲ್ಲ."

ವರ್ಷಕ್ಕೊಮ್ಮೆ ಊರವರೆಲ್ಲ ಕೈ ಕೈ ಹಿಡಿದು, ಚರ್ಚಿಗೆ ಮುಖ ಮಾಡಿ, ಅದನ್ನು ಸುತ್ತುವರಿದು ಹಾಡುತ್ತೇವೆ. ಅಜ್ಜಿಯ ಕಾಲದಲ್ಲಿ ಎರಡೆರಡು ಸುತ್ತು ಆಗುತ್ತಿತ್ತಂತೆ. ಈಗ ನಾನೇ ಹೋಗಿ ಪಬ್ಬಿನಲ್ಲಿ ಕೂತವರನ್ನು ಎಬ್ಬಿಸಿ ತಂದೆ. ಹಳೆಯ ಗೋಡೆಚಿತ್ರ ನೋಡಲು ಬಂದ ಪ್ರವಾಸಿಗರನ್ನೂ ಬಿಡಲಿಲ್ಲ.

"ಫೋಟೋ ಆಮೇಲೆ ತೆಗೀರಂತೆ, ಈಗ ಕೈ ಕೊಡಿ!"

ಸಾಲು ಗೋಪುರವನ್ನು ಬಳಸಿತು, ದಕ್ಷಿಣದ ಗೋಡೆ ದಾಟಿತು. ಉತ್ತರಕ್ಕೆ ಬಂದು ನಿಂತುಬಿಟ್ಟಿತು. ನನಗೂ ಪಕ್ಕದ ಮನೆಯ ಡಾರ್ಕಸ್‌ಗೂ ನಡುವೆ ಒಂದು ಆಳಿನ ಜಾಗ ಉಳಿಯಿತು. ಎಷ್ಟು ಚಾಚಿದರೂ ಅವಳ ಕೈ ಸಿಗಲೊಲ್ಲದು.

"ಸಾಕು ಬಿಡೇ ಮಾರಾಯ್ತಿ, ತೋಳು ಕಿತ್ತು ಬರುತ್ತೆ!" ಎಂದು ಡಾರ್ಕಸ್ ಅರಚಿದಳು.

ಪಾದ್ರಿ ಗಡಿಯಾರ ನೋಡಿಕೊಂಡರು. ನಮ್ಮಿಬ್ಬರ ನಡುವೆ ಇದ್ದದ್ದು ಏಮೋಸನ ಸಮಾಧಿಯ ಕಲ್ಲು. ಒಂದನ್ನೊಂದು ಹಿಡಿದ ಎರಡು ಕೈಗಳನ್ನು ಅದರ ಅಗಲಕ್ಕೂ ನಾನೇ ಕೆತ್ತಿಸಿದ್ದೆ. ಮದುವೆ ಕಾಗದದ ಹಾಗಿದೆ ಎಂದು ಡಾರ್ಕಸ್ ಅವತ್ತು ಆಡಿಕೊಂಡಿದ್ದಳು.

"ಡಾರ್ಕಸ್, ಕಲ್ಲಲ್ಲಿ ಆ ಕಡೆ ಕೈ ಹಿಡ್ಕೋ," ಎಂದೆ. ಈ ಕಡೆಯದರ ಮೇಲೆ ನನ್ನ ಅಂಗೈ ಒತ್ತಿದೆ. ತಣ್ಣಗಿತ್ತು. ಅಲ್ಲಿಂದಲೇ ಕೂಗಿದೆ. "ಸುತ್ತು ಕೂಡ್ತು, ಪಾದ್ರಿಗಳೇ!"

"ಇದೇನು ಹುಡುಗಾಟ! ಸತ್ತವ್ರನ್ನೆಲ್ಲ ಲೆಕ್ಕಕ್ಕೆ ತಗೊಳ್ಳೋಕಾಗುತ್ತಾ?"

"ಸತ್ತವ್ರು ಎದ್ದು ಬರ್ತಾರೆ ಅಂತ ಭಾನುವಾರ ಭಾನುವಾರ ನಮ್ಮ ಬಾಯಲ್ಲಿ ಹೇಳಿಸೋರು ಯಾರು? ನಾನಂತೂ ನಂಬಿಕೊಂಡೇ ಹೇಳಿದ್ದು. ನೀವು ಪಾದ್ರಿಗಳು ಸುಮ್ನೆ ಹೇಳಿಸಿದ್ರಾ?"

ಪಬ್ಬಿನವರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪಾದ್ರಿಯ ಮುಖ ಕೆಂಪಾಯಿತು. ನಾನು ಹಾಡು ಎತ್ತಿದೆ. ಡಾರ್ಕಸ್ ಎಂದಿನ ಅಪಸ್ವರದಲ್ಲಿ ಸೇರಿದಳು, ಆಮೇಲೆ ಎಲ್ಲರೂ ಸೇರಿದರು. ಪಾದ್ರಿ ಟೋಪಿ ತೆಗೆದು ನಿಂತರು.

ಹಾಡು ಮುಗಿದ ಮೇಲೆ ಮೆಲ್ಲಗೆ, "ಕೀಲಿ..." ಎಂದರು.

"ಜೇಬಲ್ಲೇ ಇರ್ಲಿ," ಎಂದೆ. "ನನ್ನ ಎರಡು ಕೈನೂ ಖಾಲಿ ಇಲ್ಲ."