ಶುಂಠಿ ಶರಬತ್ತು ಔಷಧಿಯಲ್ಲ

"ಅಮ್ಮನ ಔಷಧಿನ ಶರಬತ್ತು ಅಂತ ಬರೀತೀಯಾ? ಕೈ ಹೇಗೆ ಬಂತೇ ನಿಂಗೆ?"

ದೊಡ್ಡಕ್ಕ ಅರ್ಜಿಯನ್ನು ಕಿತ್ತುಕೊಂಡು ನಿಂಬೆ ಹೋಳುಗಳ ಮೇಲೆ ಎಸೆದಳು. ತಂಗಿ ಅದನ್ನು ಎತ್ತಿ ಒದ್ದೆಯಾದ ಅಂಚನ್ನು ಒರೆಸಿದಳು. ಅವಳಿಗೂ ಸಿಟ್ಟು ನೆತ್ತಿಗೇರಿತ್ತು. "ಅದರಲ್ಲಿರೋದು ಶುಂಠಿ, ನಿಂಬೆ, ಸಕ್ಕರೆ. ಇನ್ನೇನು ಬರೀಲಿ ಹೇಳು."

ಅಮ್ಮ ಹೋಗಿ ಮೂವತ್ತು ವರ್ಷವಾಗಿತ್ತು. ತಂಗಿಗೆ ಅಮ್ಮನ ಮುಖ ಮಸುಕು ಮಸುಕು. ನೆನಪಿರುವುದು ದೊಡ್ಡಕ್ಕನ ಕೈ. ಚಿಕ್ಕಂದಿನಲ್ಲಿ ಕೆಮ್ಮಿ ಕೆಮ್ಮಿ ಸುಸ್ತಾದ ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಬಾಯಿ ತೆಗಿ, ಅಮ್ಮನ ಔಷಧಿ ಎನ್ನುತ್ತ ಚಮಚ ಹಿಡಿಯುತ್ತಿದ್ದ ಕೈ. ಅದೇ ಶರಬತ್ತನ್ನು ಈಗ ಇಬ್ಬರೂ ಸೇರಿ ಹಿಂದಿನ ಕೋಣೆಯಲ್ಲಿ ಕುದಿಸಿ, ಸೋಸಿ, ಸೀಸೆಗೆ ತುಂಬಿ ಬೀದಿಯ ಅಂಗಡಿಗಳಿಗೆ ಕೊಡುತ್ತಿದ್ದರು. 'ಕೆಮ್ಮು, ಜ್ವರ ಮಂಗಮಾಯ' ಎಂದು ಚೀಟಿಯ ಮೇಲೆ ಬರೆಸಿದವಳು ದೊಡ್ಡಕ್ಕ. ಆಹಾರ ಸುರಕ್ಷತಾ ಕಚೇರಿಗೆ ಕೊಡುವ ನೋಂದಣಿಯ ಅರ್ಜಿಯಲ್ಲಿ ಯಾವ ವರ್ಗದ ಆಹಾರ ಎಂದು ಕೇಳಿದ ಕಡೆ 'ಔಷಧಿ' ಎಂದು ತುಂಬಿದವಳೂ ಅವಳೇ. ಅರ್ಜಿ ಹೋದ ದಾರಿಯಲ್ಲೇ ವಾಪಸು ಬಂದಿತ್ತು. ಈಗ ತಂಗಿ ಹೊಸದು ತುಂಬಲು ಕೂತಿದ್ದಳು.

ಕೂಗಾಟ ಕೇಳಿ ಎದುರು ಮನೆಯ ಬೇಕರಿಯವಳು ಬಂದಳು. ಅರ್ಜಿ ನೋಡಿ, ತಂಗಿ ಬರೆದದ್ದೇ ಸರಿ ಎಂದಳು. ಮನೆಯಲ್ಲಿ ನಾವು ಅದನ್ನು ಏನೆಂದು ಕರೆಯುತ್ತೇವೆ ಎನ್ನುವುದು ಕಚೇರಿಯವರಿಗೆ ಬೇಕಿಲ್ಲ. ಒಳಗೆ ಏನಿದೆ, ಹೇಗೆ ಮಾಡುತ್ತಾರೆ, ಜನ ಹೇಗೆ ಬಳಸುತ್ತಾರೆ, ಇದನ್ನು ನೋಡುತ್ತಾರೆ. ಹಾಲಿನ ಪದಾರ್ಥ ಒಂದು ವರ್ಗ, ಬ್ರೆಡ್ಡು ಬಿಸ್ಕತ್ತು ಇನ್ನೊಂದು, ಮೀನು ಮಾಂಸ ಬೇರೆ, ಪಾನೀಯ ಬೇರೆ. ಕೆಡದಂತೆ ಏನನ್ನು ಎಷ್ಟು ಬೆರೆಸಬಹುದು, ಎಷ್ಟು ತಂಪಿನಲ್ಲಿಡಬೇಕು, ಯಾವ ಪರೀಕ್ಷೆ ಮಾಡಿಸಬೇಕು ಎಂಬುದೆಲ್ಲ ವರ್ಗದಂತೆ ಬದಲಾಗುತ್ತದೆ. ವರ್ಗ ತಪ್ಪು ಬರೆದರೆ ಮುಂದಿನದೆಲ್ಲ ತಪ್ಪು. ರೋಗ ವಾಸಿಮಾಡುತ್ತದೆ ಎಂದು ಹೇಳಿ ಮಾರುವುದಾದರೆ ಅದು ಔಷಧದ ಇಲಾಖೆಯವರ ಮುಂದೆ ಹೋಗಬೇಕು. ಇಷ್ಟನ್ನೂ ಅವಳು ಸಮಾಧಾನವಾಗಿ ಬಿಡಿಸಿ ಹೇಳಿದಳು.

"ನಿನ್ನ ಕೇಕು ಕಚ್ಚಿ ನನ್ನ ಹಲ್ಲು ಅಲ್ಲಾಡ್ತಿದೆ," ಎಂದಳು ದೊಡ್ಡಕ್ಕ. "ಅದು ಯಾವ ವರ್ಗ, ಕಲ್ಲಿಂದಾ?"

ಬೇಕರಿಯವಳು ನಕ್ಕುಬಿಟ್ಟಳು. ತಂಗಿ ನಗಲಿಲ್ಲ. ವಾರದಿಂದ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದನ್ನು ಆಗ ಹೇಳಿದಳು. ಮೂಲೆ ಮನೆಯ ಟೈಲರಮ್ಮ ಮಗಳ ಜ್ವರಕ್ಕೆ ನಾಲ್ಕು ದಿನ ಇವರ ಸೀಸೆಯನ್ನೇ ನಂಬಿ ಕೂತಿದ್ದಳು. ಐದನೆಯ ದಿನ ಮಗುವಿಗೆ ಉಸಿರಾಡಲು ಆಗದೆ ಆಸ್ಪತ್ರೆಗೆ ಎತ್ತಿಕೊಂಡು ಓಡಿದಳು. ನ್ಯುಮೋನಿಯಾ. ಮಗು ಉಳಿದದ್ದೇ ಹೆಚ್ಚು. ಟೈಲರಮ್ಮ ಬೈಯಲಿಲ್ಲ. ಚೀಟಿಯ ಮೇಲೆ ಹಾಗೇ ಬರೆದಿತ್ತಲ್ಲ ಎಂದಳು, ಅಷ್ಟೇ.

ದೊಡ್ಡಕ್ಕನ ಮುಖ ಬಿಳಿಚಿಕೊಂಡಿತು. "ನಿಂಗೂ ಇದನ್ನೇ ಕುಡಿಸಿದ್ದೆ," ಎಂದಳು ಮೆಲ್ಲಗೆ. "ನಾನೇ ಬದುಕಿಸ್ಕೊಂಡೆ ನಿನ್ನ."

"ನಂಗೆ ಬರೀ ನೆಗಡಿ ಇತ್ತು, ಅಕ್ಕ. ತಾನಾಗೇ ಹೋಗ್ತಿತ್ತು."

ನಿಜವಾದ ಮಾತೇ. ಆದರೆ ಅದನ್ನು ಆಡಬಾರದಿತ್ತು.

ದೊಡ್ಡಕ್ಕ ಒಲೆ ಆರಿಸಿದಳು. ತೊಟ್ಟಿಗೆ ನೀರು ಬಿಟ್ಟು, ತುಂಬಿಟ್ಟಿದ್ದ ಸೀಸೆಗಳನ್ನು ಅದರಲ್ಲಿ ನೆನೆಹಾಕಿ, ಒಂದೊಂದರ ಚೀಟಿಯನ್ನೂ ಉಗುರಿನಿಂದ ಕೆರೆದು ತೆಗೆದಳು. ಒಂದನ್ನೂ ಬಿಡಲಿಲ್ಲ. ತಂಗಿ ಹತ್ತಿರ ಹೋದರೆ ಮೊಣಕೈಯಿಂದ ಸರಿಸಿದಳು. ಕೊನೆಗೆ ಕೈ ಒರೆಸಿಕೊಂಡು ಚಪ್ಪಲಿ ಮೆಟ್ಟಿದಳು.

"ಶರಬತ್ತು ಅಂತಾನೇ ಬರ್ಕೋ. ಅದೇ ಸರಿ," ಎಂದು ಹೇಳಿ ಬಾಗಿಲು ದಾಟಿದಳು.

ಊಟದ ಹೊತ್ತಿಗೆ ಬರುತ್ತಾಳೆಂದು ತಂಗಿ ಎರಡು ತಟ್ಟೆ ಇಟ್ಟಳು. ಬರಲಿಲ್ಲ. ದೂರದ ಊರಲ್ಲಿ ಸೋದರತ್ತೆಯ ಮನೆಯಲ್ಲಿದ್ದಾಳೆಂದು ಆಮೇಲೆ ಸುದ್ದಿ ಬಂತು. ಬರೆದ ಕಾಗದಗಳಿಗೆ ಉತ್ತರವಿಲ್ಲ.

ಪಾನೀಯದ ವರ್ಗದಲ್ಲಿ ನೋಂದಣಿ ಆಯಿತು. ಸೀಸೆಗಳು ಬೀದಿ ದಾಟಿ ಬೇರೆ ಊರಿಗೂ ಹೋಗತೊಡಗಿದವು. ಪಾಕ ಮಾತ್ರ ದೊಡ್ಡಕ್ಕನ ಹದಕ್ಕೆ ಬರುವುದಿಲ್ಲ. ಕುದಿ ಬಂದಾಗ, ಸಾಕಾ ಅಕ್ಕ ಎಂದು ಕೇಳಲು ತಂಗಿ ಇವತ್ತಿಗೂ ಹಿಂದೆ ತಿರುಗುತ್ತಾಳೆ.

ಮನೆಯಲ್ಲಿ ಏನಾದರೂ ಮಾಡಿ ಮಾರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಅರ್ಜಿ ತುಂಬುವ ಮೊದಲು ನಿಮ್ಮ ಪದಾರ್ಥ ಯಾವ ವರ್ಗಕ್ಕೆ ಸೇರುತ್ತದೆ ಎಂದು ಆಹಾರ ಸುರಕ್ಷತಾ ಕಚೇರಿಯಲ್ಲಿ ಕೇಳಿ. ಸಣ್ಣದಾಗಿ ಮಾಡುವವರಿಗೆ ನೋಂದಣಿ ಸಾಕೇ, ಪರವಾನಗಿಯೇ ಬೇಕೇ ಎಂಬುದನ್ನೂ ಅಲ್ಲೇ ಕೇಳಿ. ಕೇಳುವುದರಲ್ಲಿ ಅವಮಾನವಿಲ್ಲ. ತಿನ್ನುವ, ಕುಡಿಯುವ ವಸ್ತುವಿಗೆ ಔಷಧಿಯ ಹೆಸರು ಕಟ್ಟಬೇಡಿ. ಮಗುವಿಗೆ ಜ್ವರ ಬಂದರೆ ಸೀಸೆ ನಂಬಿ ಕೂರಬೇಡಿ, ವೈದ್ಯರ ಹತ್ತಿರ ಹೋಗಿ.

ಕೊಳ್ಳುವಾಗ ಚೀಟಿಯನ್ನು ಪೂರ್ತಿ ಓದಿ. ಏನೇನು ಬೆರೆಸಿದ್ದಾರೆ, ಯಾವಾಗ ಮಾಡಿದ್ದು, ಎಲ್ಲಿಯವರೆಗೆ ಬಳಸಬಹುದು, ಯಾರು ಮಾಡಿದ್ದು, ಅವರ ವಿಳಾಸ ಏನು, ಎಲ್ಲವೂ ಅದರಲ್ಲಿರಬೇಕು. ಆ ದೂರದ ಊರಿನ ಯಾವುದೋ ಅಂಗಡಿಯಲ್ಲಿ ದೊಡ್ಡಕ್ಕನೂ ಒಂದು ಸೀಸೆ ಎತ್ತಿ ತನ್ನದೇ ಮನೆಯ ವಿಳಾಸ ಓದಿಯಾಳು ಎಂದು ತಂಗಿ ಪ್ರತಿ ಚೀಟಿಯನ್ನೂ ನೆಟ್ಟಗೆ ಅಂಟಿಸುತ್ತಾಳೆ. ದೊಡ್ಡಕ್ಕ ಇನ್ನೂ ಬಂದಿಲ್ಲ.