ನಾಲ್ಕು ನೆರಳುಮರ

ಕೈ ಬಿಸಿಯಾಗುತ್ತಿಲ್ಲ, ಮೊಣಕೈವರೆಗೆ ಇಳಿಸಿದರೂ ಪೆಟ್ಟಿಗೆಯೊಳಗೆ ಹುಳಿ ಬರಲಿಟ್ಟ ಕೋಕೋ ಬೀಜ ಉಗುರುಬೆಚ್ಚಗಷ್ಟೇ ಇದೆ, ಮೂರನೇ ದಿನಕ್ಕೆ ಕೈ ಇಡಲಾಗದಷ್ಟು ಕಾಯಬೇಕಿತ್ತು, ಕಾಯುವುದಕ್ಕೆ ರಾಶಿಯಾದರೂ ಬೇಡವೇ, ತಳ ಮುಚ್ಚುವಷ್ಟು ಬೀಜ ಹೇಗೆ ತಾನೇ ಹುದುಗೀತು — ಅವಳು ಬಾಳೆಎಲೆ ಮತ್ತೆ ಹೊದಿಸುತ್ತಾಳೆ, ಬೇಲಿಯಾಚೆ ನಾದಿನಿಯ ತೋಟದಲ್ಲಿ ಮರ ಕೊಯ್ಯುವವನು ಮೋಟಾರು ಗರಗಸದ ಹಲ್ಲಿಗೆ ಅರ ಉಜ್ಜುತ್ತಿದ್ದಾನೆ, ಇವತ್ತು ನಾಲ್ಕು ನೆರಳುಮರ ಬೀಳುತ್ತವೆ, ಅತ್ತಿಗೆಯಾದ ಅವಳ ಮಾತು ಕೇಳಿ. ಹೋದ ವರ್ಷ ಮಳೆ ನಿಲ್ಲುವ ಹೆಸರೇ ಎತ್ತಲಿಲ್ಲ, ಕಾಯಿಗಳು ಮರದಲ್ಲೇ ಕಪ್ಪಾಗಿ ಕೊಳೆತವು, ಗಂಡ ಬುಟ್ಟಿ ಬುಟ್ಟಿ ಹೊತ್ತು ಗುಂಡಿಗೆ ಹಾಕಿದ, ನೆರಳು ಜಾಸ್ತಿಯಾಯ್ತು ಕಣ್ರೀ ಎಂದಿದ್ದು ಅವಳೇ, ಗಾಳಿ ಬೆಳಕು ಆಡಬೇಕು, ಕಡಿಸಿಬಿಡಿ — ಇನ್ನೊಂದು ವರ್ಷ ನೋಡೋಣ ಕಣೇ, ಇಪ್ಪತ್ತು ವರ್ಷದ ಮರ — ನಿಮಗೇನು ಗೊತ್ತಾಗುತ್ತೆ ಸುಮ್ನಿರಿ, ಪಾಪ, ಹೋಗಿ ಆಳು ಕರೆತಂದ, ಎರಡೇ ದಿನಕ್ಕೆ ಏಳು ಮರ ಮಲಗಿದವು, ತೋಟದಲ್ಲಿ ಆಕಾಶ ಕಂಡಿತೆಂದು ಅವಳು ಹಿಗ್ಗಿದ್ದೇ ಹಿಗ್ಗಿದ್ದು. ಈ ವರ್ಷ ಮಳೆ ಇತ್ತ ತಲೆ ಹಾಕಲಿಲ್ಲ, ಬೆಳಗ್ಗೆ ಒಂಬತ್ತಕ್ಕೇ ಬೆನ್ನು ಸುಡುವ ಬಿಸಿಲು, ಹೆಬ್ಬೆರಳುದ್ದದ ಮಿಡಿಗಳು ಕಾಂಡಕ್ಕೆ ಅಂಟಿಕೊಂಡೇ ಕರಕಲಾದವು, ನಾದಿನಿ ಬಂದು ಮುಟ್ಟಿ ನೋಡಿದ್ದಳು, ಯಾಕತ್ತಿಗೆ ಹೀಗಾಯ್ತು, ರೋಗ ಕಣೇ, ಔಷಧಿ ಹೊಡೆದ್ರೆ ಹೋಗುತ್ತೆ — ನಾಲಿಗೆ ತಡವರಿಸಲೂ ಇಲ್ಲ, ಗಂಡನ ತಂಗಿಯೆದುರು ತಲೆ ತಗ್ಗಿಸುವುದು ಅಷ್ಟು ಸುಲಭವೇ, ಮರ ಕಡಿಸಿದ್ದಕ್ಕಲ್ಲ ಅಂದ್ರೆ ನಾನೂ ಕಡಿಸ್ತೀನಿ ಅತ್ತಿಗೆ, ನೀವು ಯೋಚ್ನೆ ಮಾಡೇ ಮಾಡಿರ್ತೀರ, ಆ ನಂಬಿಕೆಗೆ ಬೆಂಕಿ ಬೀಳಲಿ, ನಾದಿನಿಗಿರುವುದು ಅದೊಂದೇ ತುಂಡು ತೋಟ, ಇಬ್ಬರು ಹೆಣ್ಣುಮಕ್ಕಳು. ಹೇಳಬೇಕು, ಈಗಲೇ ಹೋಗಿ ಹೇಳಬೇಕು, ಕೈ ತೊಳೆದು ಹೋಗೋಣ, ಬೀಜದ ಅಂಟು ಬಿಡುತ್ತಿಲ್ಲ, ಇನ್ನೊಂದು ಚೊಂಬು ನೀರು, ಬೆರಳಸಂದಿ, ಉಗುರು, ಅರದ ಸದ್ದು ನಿಂತಿತು, ಇಷ್ಟು ಹೊತ್ತು ಯಾರಾದರೂ ಕೈ ತೊಳೆಯುತ್ತಾರೆಯೇ, ಮೋಟಾರು ಗುರ್ರೆಂದಿತು.

ಬೇಲಿಗೆ ಸೆರಗು ಸಿಕ್ಕಿ ಹರಿಯಿತು, ಹರಿಯಲಿ, ನಿಲ್ಸಪ್ಪಾ ನಿಲ್ಸು, ಅವನಿಗೆ ಕೇಳಿಸುತ್ತಿಲ್ಲ, ನಾದಿನಿ ನಗುತ್ತಾ ಕೈ ಬೀಸುತ್ತಾಳೆ, ಅತ್ತಿಗೆ ನೋಡಲು ಬಂದರೆಂದು ಖುಷಿ ಅವಳಿಗೆ, ಹತ್ತಿರ ಹೋಗಿ ಅವನ ಭುಜ ಹಿಡಿದು ಅಲುಗಿಸಿದ ಮೇಲೆ ಮೋಟಾರು ಸುಮ್ಮನಾಯಿತು. ರೋಗ ಅಲ್ಲ ಕಣೇ, ಬಿಸಿಲಿಗೆ ಸುಟ್ಟಿದ್ದು, ಮರ ಕಡಿಸಿ ನಾನೇ ಸುಟ್ಟೆ, ನಿಂಗೆ ಸುಳ್ಳು ಹೇಳ್ದೆ. ನಾದಿನಿ ಬಯ್ಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ನಿನ್ನೆನಾದ್ರೂ ಹೇಳ್ಬಾರ್ದಿತ್ತಾ ಅತ್ತಿಗೆ ಎಂದಳು ಅಷ್ಟೇ, ಮರ ಕೊಯ್ಯುವವನು ಬೆವರು ಒರೆಸಿಕೊಂಡ, ಉಳಿದ ಮೂರು ಬಿಡ್ತೀನಿ ತಾಯಿ, ಇದನ್ನ ಬಿಡೋಕಾಗಲ್ಲ, ಮುಕ್ಕಾಲು ಕೊಯ್ದಾಗಿದೆ, ಗಾಳಿ ಎದ್ರೆ ಯಾರ ಮೇಲೆ ಬೀಳುತ್ತೋ, ದೂರ ನಿಂತ್ಕೊಳ್ಳಿ — ನಿಂತರು, ಇಬ್ಬರೂ, ಮಧ್ಯೆ ಒಂದು ಮಾರು ಬಿಟ್ಟು, ಮತ್ತೆ ಗುರ್ರೆಂದಿತು, ಮರ ಒಮ್ಮೆ ನಡುಗಿ ವಾಲಿತು, ಎಲೆ ಧೂಳು ಎಲ್ಲ ಇಳಿದ ಮೇಲೆ ಕಂಡಿತು, ಇಷ್ಟು ದಿನ ತಂಪಿನಲ್ಲಿದ್ದ ಕೋಕೋ ಗಿಡ, ಕಾಂಡದುದ್ದಕ್ಕೂ ಹಸಿರು ಮಿಡಿ, ಮಿಡಿಗಳ ಮೇಲೆ ಬಿಸಿಲು, ಒಂದು ಎರಡು ಮೂರು, ಹನ್ನೊಂದು ಮಿಡಿ, ಹನ್ನೊಂದರ ಮೇಲೂ ಬಿಸಿಲು, ಬಿಸಿಲು