‘ಇಲ್ಲಿ ನೋಡಿ’ ಅನ್ನದೆ ತೆಗೆದ ಫೋಟೊ

ಸ್ಟೂಲಿನ ಮೇಲೆ ಕೂತವರನ್ನು ನಗಿಸಿ ನಗಿಸಿಯೇ ತಲೆ ನರೆಸಿಕೊಂಡವನು ಸ್ಟುಡಿಯೋ ಮಾವ. ಮಾವ ಆದದ್ದು ಅಕ್ಕನ ಮಗಳಿಗೆ. ಅವಳ ದೆಸೆಯಿಂದ ಈಗ ಗುಡ್ಡದಿಂದ ಸೈಕಲ್ ಇಳಿಸುವ ಅವಳ ತಂಡಕ್ಕೆಲ್ಲ ಮಾವ. ರೇಸಿನ ಪೋಸ್ಟರಿಗೆ ಒಂದು ಫೋಟೊ ಬೇಕೆಂದಾಗ, “ನಮ್ಮ ಮಾವ ಇರುವಾಗ ಬೇರೆಯವರ್ಯಾಕೆ?” ಎಂದು ಅವಳೇ ಮುಂದೆ ಬಿದ್ದು ಒಪ್ಪಿಸಿದ್ದಳು. ಮಾವ ಹೋದ ವಾರ ತೆಗೆದದ್ದೆಲ್ಲ ಪಾಸ್‌ಪೋರ್ಟ್ ಫೋಟೊ! ಮುಖ ನಟ್ಟನಡುವೆ, ಎದೆ ಝಲ್ಲೆನಿಸುವ ಇಳಿಜಾರು ಚಾಪೆ ಹಾಸಿದ ಹಾಗೆ ಚಪ್ಪಟೆ.

“ಇದು ಗುಡ್ಡಾನೋ ಪಾರ್ಕೋ, ಮಾವ?” ಎಂದು ತಂಡದ ನಾಯಕಿ ನಗುತ್ತಲೇ ಕೇಳಿದ್ದಳು. ಇವತ್ತು ಸಂಜೆಯೊಳಗೆ ಸರಿಯಾದದ್ದು ಸಿಗದಿದ್ದರೆ ಬೇರೆಯವರನ್ನು ಕರೆಸುತ್ತೇವೆ ಅಂತಲೂ ಅಂದಿದ್ದಳು. ತನ್ನ ಮಾನ ಹಾಗಿರಲಿ, ಅಕ್ಕನ ಹುಡುಗಿಯ ಮಾತು ನೆಲಕ್ಕೆ ಬೀಳಬಾರದಲ್ಲ ಎಂಬುದೇ ಮಾವನ ಚಿಂತೆ.

“ಮಲಗು ಮಾವ. ನಿಂತು ತೆಗೆದ್ರೆ ಇಳಿಜಾರು ಕಾಣಲ್ಲ,” ಎಂದಳು ಹುಡುಗಿ, ತಿರುವಿನ ಬುಡದಲ್ಲಿ ಜಾಗ ತೋರಿಸಿ.

“ಮಲಗೋದೇನೋ ಮಲಗ್ತೀನಿ. ಎಬ್ಬಿಸೋರ್ಯಾರು?”

ಅಂತೂ ಬೋರಲಾಗಿ ಮಲಗಿದ. ಅರೆ, ಇಳಿಜಾರಿನ ಚಾಪೆ ಎದ್ದು ಗೋಡೆಯಾಗಿ ನಿಂತಿತ್ತು! ಮೇಲಿನಿಂದ ಹುಡುಗಿ ಸೈಕಲ್ ಹೊಡೆದುಕೊಂಡು ಬಂದಳು. ಮಾವನ ಬೆರಳು ಕ್ಯಾಮೆರಾದ ಗುಂಡಿಯ ಮೇಲಿತ್ತು. ಬಾಯಿ ಮಾತ್ರ ಇನ್ನೂ ಸ್ಟುಡಿಯೋದಲ್ಲೇ ಇತ್ತು.

“ಇಲ್ಲಿ ನೋಡಿ! ಸ್ವಲ್ಪ ನಗಿ!”

ಹುಡುಗಿ ನೋಡಿದಳು. ನೋಡಿದ್ದೇ ತಡ, ಸೈಕಲ್ಲು ದಾರಿ ಬಿಟ್ಟು ಮಾವನ ಕಡೆಗೇ ತಿರುಗಿ, ಕೂದಲೆಳೆಯಲ್ಲಿ ತಪ್ಪಿ, ಪಕ್ಕದ ಪೊದೆಗೆ ನುಗ್ಗಿತು. ಹೆಲ್ಮೆಟ್ಟಿನ ತುಂಬ ಎಲೆ ಸಿಕ್ಕಿಸಿಕೊಂಡು ಎದ್ದಳು.

“ಸೈಕಲ್ಲಿಗೆ ಬೇರೆ ಕಣ್ಣಿಲ್ಲ ಮಾವ! ನಾನು ನೋಡಿದ ಕಡೆಗೇ ಅದೂ ಹೋಗತ್ತೆ.”

“ಬಾಯಿ ಜಾರಿತು ಕಣೇ.”

“ಜಾರಿದ್ದು ನಿನ್ನ ಬಾಯಿ, ಬಿದ್ದಿದ್ದು ನಾನು!”

ಪೆಟ್ಟೇನೂ ಆಗಿರಲಿಲ್ಲ. ಅವಳು ಸೈಕಲ್ ತಳ್ಳಿಕೊಂಡು ಮತ್ತೆ ಮೇಲೆ ಹೊರಟಾಗ ಮಾವ ತಿರುವನ್ನೇ ನೋಡುತ್ತ ಉಳಿದ. ಇವಳ ಕಣ್ಣು ಇರಬೇಕಾದ್ದು ಅಲ್ಲಿ. ಹಾಗಾದರೆ ಫೋಟೊದಲ್ಲೂ ಆ ತಿರುವಿಗೆ ಜಾಗ ಕೊಡಬೇಕಲ್ಲ? ಸ್ಟುಡಿಯೋದಲ್ಲಿ ಒಂದಿಷ್ಟು ಖಾಲಿ ಬಿಟ್ಟರೂ ಗಿರಾಕಿಗಳು “ಏನ್ರೀ, ಗೋಡೆ ಫೋಟೊ ತೆಗೆದ್ರಾ?” ಅನ್ನುತ್ತಿದ್ದರು. ಇಲ್ಲಿ ಆ ಖಾಲಿಯೇ ದಾರಿ. ಚೌಕಟ್ಟಿನಲ್ಲಿ ಹುಡುಗಿಗೆ ಒಂದು ಮಗ್ಗುಲು ಕೊಟ್ಟು, ಉಳಿದದ್ದನ್ನೆಲ್ಲ ತಿರುವಿಗೆ ಬಿಟ್ಟ.

ಇನ್ನು ಬಾಯಿ. ಅದನ್ನು ನಂಬುವ ಹಾಗಿರಲಿಲ್ಲ. ಲೆನ್ಸಿನ ಮುಚ್ಚಳವನ್ನೇ ಹಲ್ಲಿನಲ್ಲಿ ಕಚ್ಚಿಕೊಂಡ.

ಹುಡುಗಿ ಬಂದಳು. ಮಾವನ ಗಂಟಲಿನಿಂದ “ಉಂ... ಉಂ...” ಎಂದಷ್ಟೇ ಹೊರಟಿತು. ಕ್ಲಿಕ್.

ತಂಡದೊಡನೆ ಕಾಯುತ್ತಿದ್ದ ನಾಯಕಿ ಕ್ಯಾಮೆರಾ ಇಸಿದುಕೊಂಡು ನೋಡಿದಳು. ಮೂಲೆಯಲ್ಲಿ ಹುಡುಗಿ; ನಗುವಿಲ್ಲ, ನಾಲಿಗೆಯ ತುದಿ ಹೊರಗೆ, ಕಣ್ಣು ತಿರುವಿನಲ್ಲಿ ನೆಟ್ಟಿದೆ. ಹಿಂದೆ ಧೂಳು, ಮುಂದೆ ದಾರಿ. ನೋಡುತ್ತ ನೋಡುತ್ತ ನಾಯಕಿಯ ಭುಜ ತಾನಾಗಿಯೇ ತಿರುವಿನ ಕಡೆಗೆ ವಾಲಿತು.

“ಇದೇ ಮಾವ. ಇನ್ನು ಬೇರೆಯವರನ್ನ ಕರೆಯೋ ಮಾತೇ ಇಲ್ಲ.”

“ನಾನು ಹೇಳಿರ್ಲಿಲ್ವಾ?” ಎಂದಳು ಹುಡುಗಿ, ಹೆಲ್ಮೆಟ್ಟಿನಿಂದ ಎಲೆ ಕೀಳುತ್ತ.

ಕೊನೆಗೆ ತಂಡವೆಲ್ಲ ಸಾಲಾಗಿ ನಿಂತಿತು. “ಈಗ ಹೇಳಿ ಮಾವ, ನಿಮ್ಮ ‘ಇಲ್ಲಿ ನೋಡಿ’ ಮಂತ್ರ!” ಎಂದಳು ನಾಯಕಿ.

ಮಾವ ಉತ್ಸಾಹದಿಂದ ಶುರುಮಾಡಿದ. “ಉಂ! ಉಂ!” ಮುಚ್ಚಳ ಇನ್ನೂ ಹಲ್ಲಿನಲ್ಲೇ ಇತ್ತು.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾವ ಗುಂಡಿ ಒತ್ತಿದ.